ಇರುವೆ ಬಟ್ಟಲಿನ ಕಟ್ಟೆ

ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಹುಳುಮನೆಯೊಳಗೆ ಒಂದು ಸದ್ದು ಹುಟ್ಟುತ್ತದೆ. ಸಾವಿರಾರು ಹುಳುಗಳು ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು. ಬೆಂಗಳೂರಿನಿಂದ ಬಂದ ನೆಂಟರು ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, "ಮಳೆ ಬಂದಂಗಿದೆ ಅಲ್ವಾ" ಎನ್ನುತ್ತಾರೆ. ಆ ಹುಳುಮನೆಗೆ ಅಂಟಿದ ಕೋಣೆಯಲ್ಲಿ ಹೆಚ್ಚುಕಮ್ಮಿ ನಲವತ್ತು ವರ್ಷ ಮಲಗಿ ಎದ್ದಿರುವ ಶೋಭಾರಾಣಿ ಮೇಡಂ ಶೂ ದಾರ ಕಟ್ಟುತ್ತಾ, ತಲೆ ಎತ್ತದೆ, "ಮಳೆ ಅಲ್ಲಪ್ಪ, ಹೊಟ್ಟೆ. ತಿಂತಿದಾವೆ, ಅಷ್ಟೆ" ಎನ್ನುತ್ತಾರೆ.

ನೆಂಟರಿಗೆ ಬೇಜಾರಾಗುತ್ತದೆ. ಮೇಡಂಗೆ ಆಗುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ನೋಡಲಾರದವರ ಬಗ್ಗೆ ಅವರಿಗೆ ಸಣ್ಣ ವಯಸ್ಸಿನಿಂದಲೂ ಒಂದು ತಾತ್ಸಾರವಿದೆ. ಗೌರಿಬಿದನೂರಿಗೆ ಮದುವೆಯಾಗಿ ಹೋಗಿ ಎರಡೇ ವರ್ಷಕ್ಕೆ ಹಿಂದಿರುಗಿದಾಗ ಊರೆಲ್ಲ ಕಾರಣ ಕೇಳಿತು. "ಅವರು ಕೂತೇ ಇರ್ತಿದ್ರು" ಎಂದರು. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಇವತ್ತಿನವರೆಗೂ ಹೇಳಿಲ್ಲ. ತಾಯಿ ಸುಬ್ಬಲಕ್ಷ್ಮಮ್ಮನವರಿಗೆ ಆ ಉತ್ತರ ಇನ್ನೂ ಅರಗಿಲ್ಲ. "ಗಂಡಸರು ಕೂರದೆ ಇನ್ನೇನ್ ಮಾಡ್ತಾರೆ ಕಣೇ" ಎಂದು ಸೊಪ್ಪು ಕತ್ತರಿಸುವಾಗ ಈಗಲೂ ಕೇಳುತ್ತಾರೆ. ಮೇಡಂ ಅಷ್ಟರಲ್ಲಿ ಶಿಡ್ಲಘಟ್ಟದ ಆರೂಕಾಲು ಬಸ್ಸಿಗೆ ಹೊರಟಿರುತ್ತಾರೆ.

ಶಿಡ್ಲಘಟ್ಟದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಟೀಚರು. ಸ್ಕೂಲು ಅವರನ್ನು ಇಟ್ಟುಕೊಂಡಿರುವುದು ಪ್ರಾರ್ಥನೆಯ ಸಾಲು ನೆಟ್ಟಗೆ ನಿಲ್ಲಿಸುವುದಕ್ಕೆ ಮತ್ತು ಆಗಸ್ಟ್ ಹದಿನೈದರ ಕವಾಯತಿಗೆ. ಅವರು ಅಲ್ಲಿ ಉಳಿದಿರುವುದು ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಮೈದಾನ ಸಿಗುತ್ತದೆ ಎಂಬುದಕ್ಕೆ. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ಸಾಂಡಾ ಹೇಳಿಕೊಡುತ್ತಾರೆ. ಆ ಸ್ಕೂಲಿನವರು, ಸ್ಕೂಲು ಮುಗಿಸಿ ಕಾಲೇಜು ಸೇರಿದವರು, ಯಾರು ಬೇಕಾದರೂ ಬರಬಹುದು. ಬಿ.ಎ. ಎರಡನೇ ವರ್ಷದಲ್ಲಿರುವ ನಾನೂ ಹೋಗುತ್ತಿದ್ದೇನೆ. ಒದೆಯುವುದರಲ್ಲಿ ನನ್ನದು ಏನೂ ಸಾಲದು ಎಂದು ಮೇಡಂ ಮೊದಲ ವಾರವೇ ಹೇಳಿ, ಕೈಗೆ ಗಡಿಯಾರ ಕೊಟ್ಟು ಕೂರಿಸಿದ್ದರು.

ಸಾಂಡಾ ಎಂದರೆ ಚೀನಾದ ಕಾದಾಟದ ಆಟ. ಗುದ್ದಬಹುದು, ಒದೆಯಬಹುದು, ಹಿಡಿದು ಕೆಡವಬಹುದು. ತಲೆಗೆ, ಎದೆಗೆ ಕವಚವಿರುತ್ತದೆ. ಎರಡೆರಡು ನಿಮಿಷದ ಮೂರು ಸುತ್ತು, ಎರಡು ಗೆದ್ದವರು ಗೆದ್ದ ಹಾಗೆ. ಇಷ್ಟನ್ನು ಯಾವ ಬಯಲಿನಲ್ಲಾದರೂ ಕಲಿಸಬಹುದು. ಕಲಿಸಲಾಗದ್ದು ಒಂದೇ. ಈ ಆಟ ನಡೆಯುವುದು ನೆಲದ ಮೇಲಲ್ಲ, ಕಟ್ಟೆಯ ಮೇಲೆ. ಎಂಟು ಮೀಟರ್ ಅಗಲ, ಅಷ್ಟೇ ಉದ್ದ, ಎಂಬತ್ತು ಸೆಂಟಿಮೀಟರ್ ಎತ್ತರ. ಸುತ್ತ ಹಗ್ಗವಿಲ್ಲ, ಕಟಕಟೆಯಿಲ್ಲ. ಅಂಚು ಮುಗಿದಲ್ಲಿ ಗಾಳಿ. ಒಂದು ಸುತ್ತಿನಲ್ಲಿ ಎರಡು ಸಲ ಕೆಳಗೆ ಬಿದ್ದರೆ ಆ ಸುತ್ತು ಹೋಯಿತು. ಏಟು ತಿಂದಿರಲಿ, ಬಿಡಲಿ.

ಮೇಡಂ ಇಪ್ಪತ್ತೊಂದನೇ ವಯಸ್ಸಿನಲ್ಲಿ ಹಾಗೆ ಬಿದ್ದಿದ್ದರು. ಮೊದಲು ಅವರು ಕಬಡ್ಡಿ ಆಟಗಾರ್ತಿ. ಕಾಲು ಹಿಡಿದರೆ ಬಿಡುತ್ತಿರಲಿಲ್ಲ. ಒಂದು ಶಿಬಿರದಲ್ಲಿ ಅದನ್ನು ನೋಡಿದ ಮಣಿಪುರದ ಕೋಚ್ ಒಬ್ಬರು, ಒದೆಯುವ ಕಾಲನ್ನು ಹೀಗೆ ಹಿಡಿಯುವವಳು ಸಿಕ್ಕಳಲ್ಲ ಎಂದು ಸಾಂಡಾಗೆ ಎಳೆದುಕೊಂಡರು. ಶಿಡ್ಲಘಟ್ಟದ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಚೌಕ ಎಳೆದು ಒಂದೂವರೆ ವರ್ಷ ಅಭ್ಯಾಸ ಮಾಡಿದರು. ಆಮೇಲೆ ಉತ್ತರದ ಒಂದು ಊರಿನಲ್ಲಿ ರಾಷ್ಟ್ರಮಟ್ಟದ ಪಂದ್ಯ. ಕಟ್ಟೆಯನ್ನು ಕಣ್ಣಲ್ಲಿ ನೋಡಿದ್ದೇ ಅವತ್ತು.

ಕಬಡ್ಡಿಯಲ್ಲಿ ಅಂಕಣದ ಎರಡು ಪಕ್ಕದಲ್ಲೂ ಒಂದೊಂದು ಪಟ್ಟಿ ಜಾಗವಿರುತ್ತದೆ. ಮೈ ಮುಟ್ಟಿ ಹಿಡಿತ ಶುರುವಾಯಿತೆಂದರೆ ಆ ಪಟ್ಟಿಯೂ ಆಟದ ಜಾಗವೇ. ಹಿಂದೆ ಸರಿಯಬಹುದು, ಉಸಿರು ತೆಗೆದುಕೊಳ್ಳಬಹುದು. ಹತ್ತು ವರ್ಷ ಆ ಪಟ್ಟಿಯನ್ನು ನಂಬಿದ್ದ ಕಾಲುಗಳು ಎದುರಾಳಿ ಮುನ್ನುಗ್ಗಿದೊಡನೆ ತಾವಾಗಿ ಹಿಂದೆ ಸರಿದವು. ಪಟ್ಟಿ ಇರಲಿಲ್ಲ. ಎದ್ದು ಬಂದರು, ಮತ್ತೆ ಸರಿದರು, ಮತ್ತೆ ಬಿದ್ದರು. ಎರಡನೇ ಸುತ್ತಿನಲ್ಲೂ ಅದೇ. ಆ ಎದುರಾಳಿ ಅವರ ಮೈಮೇಲೆ ಒಂದು ಏಟನ್ನೂ ಹಾಕಿರಲಿಲ್ಲ.

"ಅವಮಾನ ಆಗಿದ್ದು ಸೋತಿದ್ದಕ್ಕಲ್ಲ" ಎಂದು ಮೇಡಂ ಒಮ್ಮೆ ಹೇಳಿದ್ದರು, "ಅವಳು ಆಮೇಲೆ ಬಂದು ನಂಗೆ ನೀರು ಕೊಟ್ಳು ನೋಡು, ಅದಕ್ಕೆ."

ಅವರು ಕಲಿಸಿದ ಹುಡುಗಿಯರು ಹದಿನಾರು ವರ್ಷದಿಂದ ರಾಜ್ಯ ಪಂದ್ಯಕ್ಕೆ ಹೋಗುತ್ತಿದ್ದಾರೆ, ಹದಿನಾರು ವರ್ಷದಿಂದ ಅದೇ ರೀತಿ ಬೀಳುತ್ತಿದ್ದಾರೆ. ಎಲ್ಲರೂ ಮೊದಲು ಕಬಡ್ಡಿ ಆಡಿದವರು, ಎಲ್ಲರೂ ಸುಣ್ಣದ ಗೆರೆಯಲ್ಲಿ ಕಲಿತವರು. ಗೆರೆ ದಾಟಿದರೆ "ಬಿದ್ದೆ" ಎಂದು ಮೇಡಂ ಕೂಗುತ್ತಾರೆ. ಬೀಳದ ಹುಡುಗಿ ನಕ್ಕು ಒಳಗೆ ಬರುತ್ತಾಳೆ. ಅಂಚನ್ನು ಮಾತಿನಲ್ಲಿ ಕಲಿಸಲು ಬರುವುದಿಲ್ಲ.

ಇನ್ನು ಜಿಲ್ಲಾ ಸಮರಕಲಾ ಬಳಗದ ಅಧ್ಯಕ್ಷರಾದ ಕೆಂಪರಾಜು ಅವರ ವಿಷಯ. ಚಿಕ್ಕಬಳ್ಳಾಪುರದಲ್ಲಿ ಅವರದ್ದು ಶಾಮಿಯಾನದ ವ್ಯಾಪಾರ. ಪೆಂಡಾಲು, ಕುರ್ಚಿ, ಜರಿ ಹೊದಿಸಿದ ಕೆಂಪು ಸೋಫಾ, ನೀರೆರಚುವ ಫ್ಯಾನು. ಯಾರಿಂದಲೂ ಒಂದು ಗುದ್ದು ತಿಂದ ಮುಖವಲ್ಲ ಅದು. ಬಳಗಕ್ಕೆ ಅಧ್ಯಕ್ಷರು ಹೇಗಾದರು ಎಂದರೆ, ಸಭೆಗೆ ಕುರ್ಚಿ ಅವರದೇ ಆಗಿದ್ದರಿಂದ. ಅವರ ಮಟ್ಟಿಗೆ ಸಮರಕಲೆ ಎಂದರೆ ಮೊದಲೇ ಸೀಳು ಬಿಟ್ಟ ಹೆಂಚನ್ನು ತಲೆಯಿಂದ ಒಡೆಯುವುದು, ಹೊಟ್ಟೆಯ ಮೇಲೆ ಬೈಕು ಹತ್ತಿಸಿಕೊಳ್ಳುವುದು, ಅದನ್ನು ಅತಿಥಿಗಳು ನೋಡುವುದು. ಮೈಕು ಸಿಕ್ಕಾಗಲೆಲ್ಲ ಒಂದೇ ಭಾಷಣ: ಇದು ಐದು ಸಾವಿರ ವರ್ಷದ ವಿದ್ಯೆ, ನಮ್ಮ ದೇಶದ ಸನ್ಯಾಸಿಯೊಬ್ಬರು ಬೆಟ್ಟ ಹತ್ತಿಳಿದು ಹೋಗಿ ಚೀನಾದವರಿಗೆ ಧಾರೆ ಎರೆದದ್ದು.

"ಸನ್ಯಾಸಿ ಗ್ಲೌಸೂ ತಗೊಂಡು ಹೋಗಿದ್ನಂತಾ?" ಎಂದು ಮೇಡಂ ನಮ್ಮನ್ನು ಕೇಳುತ್ತಿದ್ದರು.

ಓಟ ಮುಗಿಸಿ ನೀರು ಕುಡಿಯುವ ಐದು ನಿಮಿಷದಲ್ಲಿ ಅವರು ಹೇಳುತ್ತಿದ್ದ ಚರಿತ್ರೆ ಬೇರೆ. ಕಟ್ಟೆ ಹಳೆಯದು, ಕಟ್ಟೆ ಹತ್ತಿ ಬಂದವರಿಗೆಲ್ಲ ಸವಾಲು ಹಾಕುವ ಪದ್ಧತಿ ಚೀನಾದಲ್ಲಿ ನೂರಾರು ವರ್ಷದಿಂದ ಇತ್ತು. ಆಟ ಹಳೆಯದಲ್ಲ. 1928ರಲ್ಲಿ ನಾನ್‌ಜಿಂಗ್ ಎಂಬ ಊರಿನಲ್ಲಿ ದೇಶದ ವರಸೆಗಾರರನ್ನೆಲ್ಲ ಕರೆಸಿ ಪರೀಕ್ಷೆ ಇಟ್ಟರು. ಒಬ್ಬೊಬ್ಬರ ಹಿಂದೆಯೂ ಒಂದೊಂದು ದಂತಕತೆ. ತೂಕ ನೋಡಿ ಜೋಡಿ ಮಾಡಲಿಲ್ಲ, ಮೈಗೆ ಕವಚ ಅಂತ ಹೆಚ್ಚೇನೂ ಇರಲಿಲ್ಲ. ದಂತಕತೆಗಳು ಮೂಗು ಒಡೆಸಿಕೊಂಡು ಕೂತವು. ಏಟಾದವರ ಸಂಖ್ಯೆ ಎಷ್ಟಾಯಿತೆಂದರೆ, ಕೊನೆಗೆ ಉಳಿದವರನ್ನು ಕಾದಾಡಲು ಬಿಡದೆ ಪರೀಕ್ಷೆ ಮುಗಿಸಿದರು.

"ಅವತ್ತು ಗೊತ್ತಾಯ್ತು ಅವರಿಗೆ" ಎನ್ನುತ್ತಿದ್ದರು ಮೇಡಂ, "ಹೆಸರು ಒದೆಯಲ್ಲ, ಕಾಲು ಒದೆಯುತ್ತೆ ಅಂತ."

ಆಮೇಲೆ ಕಾದಾಟ ಸೈನ್ಯದ ಒಳಗೆ ಉಳಿಯಿತು. ಹೊರಗಿನ ಜನಕ್ಕೆ ಬಹಳ ಕಾಲ ಸಿಕ್ಕಿದ್ದು ನೋಡಲು ಚೆಂದವಾದ, ಕುಣಿತದಂಥ ವರಸೆಗಳು. 1979ರಲ್ಲಿ ಕೆಲವು ಕ್ರೀಡಾ ಕಾಲೇಜುಗಳಲ್ಲಿ ಪ್ರಯೋಗಕ್ಕೆಂದು ಮತ್ತೆ ಆರಂಭಿಸಿದರು. ಹುಡುಗರನ್ನು ಆಡಿಸುವುದು, ಎಲ್ಲಿ ಏಟಾಯಿತು ನೋಡುವುದು, ಬರೆದುಕೊಳ್ಳುವುದು. ಮೊಣಕೈ ಬೇಡ. ಮಂಡಿ ಬೇಡ. ತಲೆಯ ಹಿಂಭಾಗ ಬೇಡ. ಬಿದ್ದವನನ್ನು ಹೊಡೆಯುವುದು ಬೇಡ. ಮೂರು ವರ್ಷಕ್ಕೆ ನಿಯಮದ ಒಂದು ಕರಡು, ಹತ್ತು ವರ್ಷಕ್ಕೆ ಅಧಿಕೃತವಾದ ಒಂದು ರಾಷ್ಟ್ರೀಯ ಪಂದ್ಯ, 1991ರಲ್ಲಿ ವಿಶ್ವಮಟ್ಟದ್ದು. ಏಷ್ಯಾದ ಕ್ರೀಡಾಕೂಟ ಸೇರಲು ಇನ್ನೂ ಏಳು ವರ್ಷ, ಅದರೊಳಗೆ ಹೆಣ್ಣುಮಕ್ಕಳು ಕಟ್ಟೆ ಹತ್ತಲು ಇನ್ನೂ ಹೆಚ್ಚು. ಸನ್ಯಾಸಿಯ ವರವಲ್ಲ, ಕನ್ನಡಕ ಹಾಕಿಕೊಂಡ ನಾಲ್ಕು ಜನ ಮೇಜಿನ ಮುಂದೆ ಕೂತು ಒಂದೊಂದಾಗಿ ಕಿತ್ತುಹಾಕುತ್ತಾ ಹೋಗಿ ಉಳಿಸಿದ್ದು. ಬೇಸಗೆಗೆ ಮುಂಚೆ ಹಿಪ್ಪುನೇರಳೆಯ ಕಡ್ಡಿ ಸವರಿದ ಹಾಗೆ, ಎಂದು ನನಗೆ ಅನ್ನಿಸುತ್ತಿತ್ತು. ಹೋಲಿಕೆ ಮೇಡಂಗೆ ಆಗದು ಎಂದು ನಾನು ಬಾಯಿ ಬಿಡುತ್ತಿರಲಿಲ್ಲ.

ಎಲ್ಲವನ್ನೂ ಕಿತ್ತ ಆ ಜನ ಅಂಚನ್ನು ಮಾತ್ರ ಕೀಳಲಿಲ್ಲ. ಮೇಡಂ ತಲೆ ಕೆಡಿಸಿಕೊಂಡದ್ದು ಅದಕ್ಕೆ.

ಮೂರು ವರ್ಷದ ಹಿಂದೆ ಅವರ ತಮ್ಮ ನಾಗರಾಜ್ ಹುಳುಮನೆಯ ಹಳೆಯ ಕಬ್ಬಿಣದ ಸ್ಟ್ಯಾಂಡುಗಳನ್ನು ತೆಗೆದು ಹೊಸದು ಹಾಕಿಸಿದರು. ಹಳೆಯ ಕಬ್ಬಿಣವನ್ನು ಮೇಡಂ ಕೇಳಿ ಪಡೆದರು. ಶಿಡ್ಲಘಟ್ಟದಲ್ಲಿ ವೆಲ್ಡಿಂಗ್ ಮಾಡುವ ಗಂಗುಲಪ್ಪನ ಮುಂದೆ ಅದನ್ನು ಸುರಿದು, ಎರಡು ಮೀಟರ್ ಚೌಕದ ಹದಿನಾರು ಮೇಜು ಬೇಕು, ನಟ್ಟು ಬೋಲ್ಟಿನಲ್ಲಿ ಒಂದಕ್ಕೊಂದು ಸೇರಬೇಕು, ಕಾಲು ಬಿಚ್ಚಲು ಬರಬೇಕು ಎಂದರು. ಗಂಗುಲಪ್ಪ ಅರವತ್ತು ದಾಟಿದವನು. ಜೀವಮಾನವಿಡೀ ಹುಳುವಿನ ಸ್ಟ್ಯಾಂಡು ಬಿಟ್ಟು ಬೇರೇನೂ ಮಾಡಿದವನಲ್ಲ. ಹದಿನಾರು ಮೇಜು ಸಿದ್ಧವಾದಾಗ ನೋಡಿದರೆ ಅರವತ್ತನಾಲ್ಕು ಕಾಲುಗಳ ಬುಡಕ್ಕೂ ಒಂದೊಂದು ಕಬ್ಬಿಣದ ಬಟ್ಟಲು ಬೆಸೆದಿದ್ದಾನೆ. ಹುಳುವಿನ ಸ್ಟ್ಯಾಂಡಿಗೆ ಅದು ಬೇಕು. ಬಟ್ಟಲಿಗೆ ನೀರು ತುಂಬಿದರೆ ಇರುವೆ ಹತ್ತುವುದಿಲ್ಲ.

"ಇದ್ಯಾಕೆ ಗಂಗುಲಪ್ಪ?" ಎಂದರು ಮೇಡಂ.

"ಇರುವೆಗೆ ಕಣಮ್ಮ."

"ಇದರ ಮೇಲೆ ಹುಡುಗೀರು ಬಡಿದಾಡ್ತಾರೆ."

"ಬಡಿದಾಡ್ಲಿ ಬಿಡಮ್ಮ. ಇರುವೆ ಬರಬಾರದಲ್ಲ?"

ಮೇಡಂ ನಕ್ಕದ್ದನ್ನು ನಾನು ನೋಡಿದ್ದು ಒಂದೆರಡು ಸಲ. ಅದರಲ್ಲಿ ಇದೊಂದು.

ಆದರೆ ಹದಿನಾರು ಮೇಜಿಗೆ ಸ್ಕೂಲಿನಲ್ಲಿ ಜಾಗವಿಲ್ಲ ಎಂದರು ಹೆಡ್‌ಮಾಸ್ಟರು. ಮಳೆಗಾಲ ಎದುರಿಗಿತ್ತು. "ನಮ್ಮ ಗೋಡೌನಲ್ಲಿ ಇಡಿ ಮೇಡಂ, ಬಳಗದ ಆಸ್ತಿ ಅಲ್ವಾ" ಎಂದು ಅಧ್ಯಕ್ಷರು ಲಾರಿ ಕಳಿಸಿದರು. ಮೇಡಂ ಕೊಟ್ಟರು. ಆಮೇಲೆ ಕಟ್ಟೆ ಅವರ ಕೈಗೆ ಸಿಗಲಿಲ್ಲ. ಕೇಳಿದಾಗಲೆಲ್ಲ ಅದು ಎಲ್ಲೋ ಒಂದು ಮದುವೆಯಲ್ಲಿರುತ್ತಿತ್ತು. ಎಂಬತ್ತು ಸೆಂಟಿಮೀಟರ್ ಎತ್ತರ ಆರತಕ್ಷತೆಯ ವೇದಿಕೆಗೆ ಬಹಳ ಹೇಳಿ ಮಾಡಿಸಿದ ಎತ್ತರವಂತೆ. ವೀಡಿಯೊದಲ್ಲಿ ಚೆನ್ನಾಗಿ ಬರುತ್ತದಂತೆ. ಮೂರು ವರ್ಷದಲ್ಲಿ ಅದರ ಮೇಲೆ ಎಷ್ಟು ಜೋಡಿ ನಿಂತು ಕೈಕುಲುಕಿದವೋ ಗೊತ್ತಿಲ್ಲ. ಪಂದ್ಯ ಒಂದೂ ಆಗಿರಲಿಲ್ಲ.

ಈ ವರ್ಷ ಮುನಿಲಕ್ಷ್ಮಿ ಇದ್ದಳು. ದ್ವಿತೀಯ ಪಿಯುಸಿಯ ಹುಡುಗಿ. ಒದೆಯುವ ಕಾಲು ಗಾಳಿಯಲ್ಲಿರುವಾಗಲೇ ಹಿಡಿದು ತಿರುಗಿಸಿ ಕೆಡವುತ್ತಿದ್ದಳು. ಮೇಡಂ ಯಾರನ್ನೂ ಹೊಗಳುವವರಲ್ಲ. ಅವಳನ್ನು ಹೆಚ್ಚು ಬೈಯುತ್ತಿದ್ದರು, ಅದರಿಂದ ನಮಗೆ ಗೊತ್ತಾಗುತ್ತಿತ್ತು. ರಾಜ್ಯ ಪಂದ್ಯಕ್ಕೆ ಇಪ್ಪತ್ತು ದಿನವಿತ್ತು. ಅದಕ್ಕೆ ಮುಂಚೆ ಜಿಲ್ಲಾ ಪಂದ್ಯ, ಒಂದು ಭಾನುವಾರ, ಚಿಕ್ಕಬಳ್ಳಾಪುರದ ಒಂದು ಬಯಲಿನಲ್ಲಿ. ಈ ಸಲ ಕಟ್ಟೆ ಹಾಕಲೇಬೇಕು ಎಂದು ಮೇಡಂ ಅಧ್ಯಕ್ಷರ ಅಂಗಡಿಯ ಮುಂದೆ ನಾಲ್ಕು ಸಲ ಹೋಗಿ ನಿಂತಿದ್ದರು. ಹಾಕಿಸ್ತೀನಿ ಎಂದು ಅಧ್ಯಕ್ಷರು ಹೇಳಿದ್ದರು. ಮೂರು ಸುತ್ತು, ಆರು ನಿಮಿಷ. ಮುನಿಲಕ್ಷ್ಮಿಯ ಕಾಲಿಗೆ ಅಂಚು ಗೊತ್ತಾಗಲು ಅಷ್ಟೇ ಬೇಕಿತ್ತು.

ಭಾನುವಾರ ಒಂಬತ್ತಕ್ಕೆ ನಾವು ಹೋದಾಗ ಕಟ್ಟೆ ಹಾಕಿದ್ದರು. ಮೇಲೆ ಮ್ಯಾಟು ಹಾಸಿ ಕ್ಯಾನ್ವಾಸು ಎಳೆದಿದ್ದರು. ಅದರ ಮೇಲೆ ಒಂಬತ್ತು ಕೆಂಪು ಸೋಫಾ ಇಟ್ಟಿದ್ದರು. ಮುಂದೆ ಗಾಜಿನ ಟೀಪಾಯಿ, ನೀರಿನ ಬಾಟಲಿ, ಹಿಂದೆ ಹೂವಿನ ಗೋಡೆ. ಕೆಳಗೆ ಬಯಲಲ್ಲಿ ಒಂದು ಹಸಿರು ಕಾರ್ಪೆಟ್ಟು ಹಾಸಿ ನಾಲ್ಕು ಮೂಲೆಗೆ ಕಲ್ಲು ಇಟ್ಟಿದ್ದರು. ಪಂದ್ಯ ಅಲ್ಲಿ.

ಅಧ್ಯಕ್ಷರು ಬಿಳಿ ಅಂಗಿಗೆ ರಿಬ್ಬನ್ ಚುಚ್ಚಿಕೊಳ್ಳುತ್ತಿದ್ದರು.

"ಕೆಂಪರಾಜು ಅವರೇ, ಸೋಫಾ ಕೆಳಗಿಳಿಸಿ" ಎಂದರು ಮೇಡಂ.

"ಅಯ್ಯೋ ಮೇಡಂ, ಗೆಸ್ಟುಗಳ್ನ ನೆಲದಲ್ಲಿ ಕೂರ್ಸೋಕಾಗುತ್ತಾ? ಬೆಂಗಳೂರಿಂದ ಬರ್ತಿದಾರೆ. ಮಕ್ಕಳು ಎಲ್ಲಾದ್ರೂ ಆಡ್ತಾರೆ, ಅವಕ್ಕೇನು."

"ಇದು ಆಡೋ ಕಟ್ಟೆ."

"ಆಡೋರು ಯಾವಾಗ್ಲೂ ಕೆಳಗೆ, ನೋಡೋರು ಮೇಲೆ. ಎಲ್ಲಾ ಫಂಕ್ಷನ್ನಲ್ಲೂ ಹಂಗೇ ಅಲ್ವಾಮ್ಮ" ಎಂದು ಅಧ್ಯಕ್ಷರು ಸಮಾಧಾನದ ದನಿಯಲ್ಲಿ ಹೇಳಿ, ಹಾರಗಳ ಬುಟ್ಟಿ ಕಾರಿನಲ್ಲಿಡಿಸಿ, ಅತಿಥಿಗಳನ್ನು ಎದುರುಗೊಳ್ಳಲು ಹೈವೇಗೆ ಹೋದರು. ಹತ್ತು ಗಂಟೆಗೆ ಉದ್ಘಾಟನೆ, ಹತ್ತೂವರೆಗೆ ಪಂದ್ಯ ಎಂದು ಅವರೇ ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆಯಲ್ಲಿತ್ತು.

ಹತ್ತಾಯಿತು. ಹತ್ತೂವರೆಯಾಯಿತು. ಸೋಫಾಗಳ ಮೇಲೆ ಬಿಸಿಲು ಬಂತು. ಹನ್ನೊಂದೂವರೆಗೆ ಮೇಡಂ ಆಹ್ವಾನ ಪತ್ರಿಕೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಏಳ್ರೇ" ಎಂದರು. ಹನ್ನೆರಡು ಹುಡುಗಿಯರು ಎದ್ದರು. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕವಳನ್ನು ಎತ್ತುವ ಹಾಗೆ, ಒಂದು ಸೋಫಾಕ್ಕೆ ನಾಲ್ವರಂತೆ ಹಿಡಿದು ಒಂಬತ್ತನ್ನೂ ಇಳಿಸಿ ಕಾರ್ಪೆಟ್ಟಿನ ಮೇಲೆ ಸಾಲಾಗಿ ಇಟ್ಟರು. ಟೀಪಾಯಿ, ಹೂವಿನ ಗೋಡೆಯನ್ನೂ ಇಳಿಸಿದರು. ಕಟ್ಟೆಯ ಸುತ್ತ, ಬಿದ್ದವರಿಗೆ ಏಟಾಗದಂತೆ, ಪಕ್ಕದ ಛತ್ರದಿಂದ ಹಾಸಿಗೆಗಳನ್ನು ತಂದು ಹಾಕಿದರು. ಶಾಮಿಯಾನದ ಕೆಲಸದವರು ಬೀಡಿ ಸೇದುತ್ತಾ ನೋಡಿದರು. ಅವರಿಗೂ ಬೆಳಿಗ್ಗೆಯಿಂದ ಬೇಜಾರಾಗಿತ್ತು.

ಮುನಿಲಕ್ಷ್ಮಿಯ ಎದುರು ಚಿಂತಾಮಣಿಯ ಹುಡುಗಿ. ಉದ್ದ ಕಾಲಿನವಳು. ಮೇಡಂ ನಡುವೆ ನಿಂತು "ಕಾಯ್ಷಿ" ಎಂದರು; ಶುರು ಎನ್ನುವುದಕ್ಕೆ ಚೀನೀ ಮಾತು. ನಾನು ಗಡಿಯಾರ ಒತ್ತಿದೆ.

ಚಿಂತಾಮಣಿಯವಳು ಮುನ್ನುಗ್ಗಿದಳು. ಮುನಿಲಕ್ಷ್ಮಿ ಹಿಂದೆ ಸರಿದಳು. ನಾಲ್ಕು ಹೆಜ್ಜೆ ಚೆನ್ನಾಗಿ ಸರಿದಳು, ಐದನೆಯದಕ್ಕೆ ನೆಲವಿರಲಿಲ್ಲ. ಹಾಸಿಗೆಯ ಮೇಲೆ ಅಂಗಾತ ಬಿದ್ದು ಆಕಾಶ ನೋಡಿದಳು. ಎದ್ದು ಹತ್ತಿದಳು. ಅರ್ಧ ನಿಮಿಷಕ್ಕೆ ಇನ್ನೊಂದು ಮೂಲೆಯಲ್ಲಿ ಮತ್ತೆ ಅದೇ. ಸುತ್ತು ಹೋಯಿತು. ಮೇಡಂ ಹುಡುಗಿಯನ್ನು ನೋಡುತ್ತಿರಲಿಲ್ಲ, ಅವಳ ಹಿಮ್ಮಡಿಯನ್ನು ನೋಡುತ್ತಿದ್ದರು.

ಬಿಡುವಿನಲ್ಲಿ ಮುನಿಲಕ್ಷ್ಮಿ, "ಮಿಸ್, ಹಿಂದೆ ಏನೂ ಇಲ್ಲ ಮಿಸ್" ಎಂದಳು.

"ಈಗ ಗೊತ್ತಾಯ್ತಾ" ಎಂದರು ಮೇಡಂ.

ಎರಡನೇ ಸುತ್ತಿನಲ್ಲಿ ಚಿಂತಾಮಣಿಯವಳು ಮತ್ತೆ ನುಗ್ಗಿದಳು. ಮುನಿಲಕ್ಷ್ಮಿ ಮತ್ತೆ ಸರಿದಳು. ಮೂರು ಹೆಜ್ಜೆ. ನಾಲ್ಕನೆಯದನ್ನು ಇಡದೆ, ಹಿಮ್ಮಡಿಯಿಂದ ಕ್ಯಾನ್ವಾಸನ್ನು ತಡವಿದಳು, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ. ಅಂಚು ಸಿಕ್ಕಿತು. ಅರ್ಧ ಪಾದ ಹೊರಗಿತ್ತು. ಅಲ್ಲೇ ನಿಂತಳು. ಬಂದ ಒದೆಯನ್ನು ಹಿಡಿದಳು, ತಿರುಗಿದಳು. ಕೆಳಗೆ ಬಿದ್ದವಳು ಚಿಂತಾಮಣಿಯವಳು. ಆಮೇಲೆ ಎರಡು ನಿಮಿಷ ಮುಗಿಯುವವರೆಗೂ ಇಬ್ಬರೂ ಹಿಮ್ಮಡಿಯಲ್ಲಿ ಯೋಚಿಸುತ್ತಾ ಆಡಿದರು. ಅಂಥ ಆಟವನ್ನು ನಮ್ಮ ಜಿಲ್ಲೆಯಲ್ಲಿ ನಾನು ನೋಡಿರಲಿಲ್ಲ. ಸುತ್ತು ಮುನಿಲಕ್ಷ್ಮಿಗೆ ಬಂತು. ಒಂದಕ್ಕೊಂದು ಸಮ. ಉಳಿದದ್ದು ಮೂರನೆಯದು.

ಆಗ ತಮಟೆ ಕೇಳಿಸಿತು. ಅತಿಥಿಗಳು ಬಂದಿದ್ದರು.

ಅಧ್ಯಕ್ಷರು ಕಾರಿನಿಂದ ಇಳಿದವರು ಕಾರ್ಪೆಟ್ಟಿನ ಮೇಲಿದ್ದ ಸೋಫಾಗಳನ್ನು ನೋಡಿ, ಕಟ್ಟೆಯ ಮೇಲಿದ್ದ ಬೆವರಿದ ಇಬ್ಬರು ಹುಡುಗಿಯರನ್ನು ನೋಡಿದರು.

"ಏನಿದು ಶೋಭಾ ಮೇಡಂ? ಮಾನ ತೆಗೀತಿದೀರಲ್ಲ?"

"ಒಂದು ಸುತ್ತು ಬಾಕಿ. ಎರಡು ನಿಮಿಷ ಕೊಡಿ."

"ಗೆಸ್ಟುಗಳು ನಿಂತಿದಾರೆ, ಎರಡು ನಿಮಿಷ ಅಂತೀರಾ?" ಎಂದರು, ಎರಡು ಗಂಟೆ ತಡವಾಗಿ ಬಂದವರ ಕೈ ಹಿಡಿದುಕೊಂಡು. ಕೆಲಸದವರಿಗೆ ಕೈಸನ್ನೆ ಮಾಡಿದರು. ಸೋಫಾ, ಟೀಪಾಯಿ, ಹೂವಿನ ಗೋಡೆ ಮತ್ತೆ ಮೇಲೆ ಹೋದವು. ಹುಡುಗಿಯರು ತಲೆಗವಚ ಬಿಚ್ಚಿ ಇಳಿದರು. ಮೇಡಂ ಜಗಳವಾಡಲಿಲ್ಲ. ಪಂದ್ಯದ ಹಾಳೆಗಳನ್ನು ಫೈಲಿಗೆ ಹಾಕಿಕೊಂಡು, ಪೆಂಡಾಲಿನ ಹಿಂದೆ ಹೋಗಿ ದಿಬ್ಬೂರಹಳ್ಳಿಗೆ ಫೋನ್ ಮಾಡಿದರು.

"ನಾಗರಾಜ, ಟ್ರ್ಯಾಕ್ಟರ್ ತಗೊಂಡು ಬಾ. ಗಂಗುಲಪ್ಪನ್ನ ಕರ್ಕೊಂಡು ಬಾ."

ಆ ಕಡೆಯಿಂದ ನಾಗರಾಜ್ ಏನೋ ಕೂಗಿದ್ದು ನನಗೂ ಕೇಳಿಸಿತು. ನಾಳೆ ಹುಳು ಹಣ್ಣಾಗುತ್ತೆ, ಗೂಡು ಕಟ್ಟಲು ಬಿಡಬೇಕು, ಮನೆಯಲ್ಲಿ ಕೆಲಸಕ್ಕೆ ಜನವಿಲ್ಲ ಎಂದು.

"ನಾಳೆ ತಾನೇ" ಎಂದು ಮೇಡಂ ಫೋನ್ ಇಟ್ಟರು.

ಭಾಷಣಗಳು ನಡೆದವು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅತಿಥಿಗಳ ನಾಲ್ಕು ಮಾತು. ನಾಲ್ಕು ಮಾತಿಗೆ ನಲವತ್ತು ನಿಮಿಷ. ಐದು ಸಾವಿರ ವರ್ಷ, ಸನ್ಯಾಸಿ, ಬೆಟ್ಟ. ಹೆಂಚು ಒಡೆಯುವ ಕಾರ್ಯಕ್ರಮಕ್ಕೆ ಮಾತ್ರ ಟೀಪಾಯಿ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು. ಒಡೆದವನು ಅಧ್ಯಕ್ಷರ ಅಕ್ಕನ ಮಗ ಚಿರಂಜೀವಿ, ಇಪ್ಪತ್ತೆರಡರ ಯುವಕ. ಒಂದು ಪಂದ್ಯವನ್ನೂ ಆಡದೆ ರಾಜ್ಯಕ್ಕೆ ಹೋಗುವವರ ಪಟ್ಟಿಯಲ್ಲಿ ಅವನ ಹೆಸರು ಮೊದಲನೆಯದಿತ್ತು. ಆ ಪಟ್ಟಿಗೆ ತೀರ್ಪುಗಾರರ ಸಹಿ ಬೇಕು. ಪರೀಕ್ಷೆ ಪಾಸು ಮಾಡಿದ ಸಾಂಡಾ ತೀರ್ಪುಗಾರರು ಇಡೀ ಜಿಲ್ಲೆಗೆ ಒಬ್ಬರೇ, ಮೇಡಂ. ಪಟ್ಟಿ ಅವರ ಫೈಲಿನಲ್ಲಿತ್ತು.

ಆಮೇಲೆ ಸನ್ಮಾನ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅತಿಥಿಗಳು ಅಧ್ಯಕ್ಷರಿಗೆ, ಅಧ್ಯಕ್ಷರು ಅತಿಥಿಗಳಿಗೆ. ಭಾಷಣಗಳು ಎಷ್ಟು ಉದ್ದವಾದವೆಂದರೆ ದಿಬ್ಬೂರಹಳ್ಳಿಯಿಂದ ಹೊರಟ ಟ್ರ್ಯಾಕ್ಟರು ಶಿಡ್ಲಘಟ್ಟ ದಾಟಿ, ಗಂಗುಲಪ್ಪನನ್ನು ಹತ್ತಿಸಿ, ಚಿಕ್ಕಬಳ್ಳಾಪುರ ಸೇರಿ, ಬಯಲಿನ ಪಕ್ಕದ ಹೊಂಗೆಯ ನೆರಳಲ್ಲಿ ನಿಂತು, ಅದರ ಎಂಜಿನ್ನೂ ತಣ್ಣಗಾಯಿತು.

ಅತಿಥಿಗಳು ಊಟ ಮಾಡಿ ಹೋದ ಮೇಲೆ ಅಧ್ಯಕ್ಷರು ಹಲ್ಲುಕಡ್ಡಿ ಹಿಡಿದು ಬಂದರು. ಪೇಟ ಇನ್ನೂ ತಲೆಯ ಮೇಲಿತ್ತು. ಸೋಫಾಗಳನ್ನು ಇಳಿಸಿ ಲಾರಿಗೆ ಹಾಕುತ್ತಿದ್ದರು. ಸಂಜೆ ನಂದಿಯಲ್ಲಿ ಒಂದು ಆರತಕ್ಷತೆ, ಅಲ್ಲಿಗೆ ಸೋಫಾ, ಹೂವಿನ ಗೋಡೆ, ಕಟ್ಟೆ ಎಲ್ಲ ಹೋಗಬೇಕು.

"ಈಗ ಆಡ್ಸಿ ಮೇಡಂ, ಕಾರ್ಪೆಟ್ ಖಾಲಿ ಇದೆ" ಎಂದರು.

"ಕಾರ್ಪೆಟ್ಟಿಗೆ ಅಂಚಿಲ್ಲ."

"ಸುತ್ತ ಸುಣ್ಣ ಹಾಕ್ಸಣ ಬಿಡಿ."

ಮೇಡಂ ಗಂಗುಲಪ್ಪನ ಕಡೆ ತಿರುಗಿ, "ಬಿಚ್ಚು" ಎಂದರು. ಗಂಗುಲಪ್ಪ ಸ್ಪ್ಯಾನರ್ ಹಿಡಿದು ಕಟ್ಟೆಯ ಅಡಿಗೆ ನುಗ್ಗಿದ.

"ನಮ್ಮ ಹುಡುಗ್ರು ಬಿಚ್ತಾರೆ, ಈ ಮುದುಕ ಯಾರು?" ಎಂದರು ಅಧ್ಯಕ್ಷರು.

"ಮಾಡಿದೋನು. ಕಟ್ಟೆ ನಮ್ಮೂರಿಗೆ ಹೋಗ್ತಿದೆ."

"ಏನ್ ಮೇಡಂ ತಮಾಷೆನಾ? ಅದು ಬಳಗದ ಆಸ್ತಿ. ಮೂರು ವರ್ಷದಿಂದ ನಮ್ಮ ಗೋಡೌನಲ್ಲಿದೆ."

"ಬಳಗದ್ದಾ? ಬಗ್ಗಿ ನೋಡಿ."

"ಏನ್ ನೋಡ್ಬೇಕು?"

"ಕಾಲು ನೋಡಿ ಕೆಂಪರಾಜು ಅವರೇ. ಬುಡದಲ್ಲಿ ಏನಿದೆ?"

ಅಧ್ಯಕ್ಷರು ಬಗ್ಗಿದರು. ಪೇಟ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡರು. ಮೂರು ವರ್ಷ ಬಾಡಿಗೆಗೆ ಕೊಟ್ಟ ವಸ್ತುವಿನ ಕಾಲುಗಳನ್ನು ಅವರು ನೋಡಿದ್ದು ಅದೇ ಮೊದಲಿರಬೇಕು. ಬಟ್ಟೆಯ ಝಾಲರಿ ಯಾವಾಗಲೂ ಮುಚ್ಚಿರುತ್ತಿತ್ತು.

"ಇರುವೆ ಬಟ್ಟಲು" ಎಂದ ಗಂಗುಲಪ್ಪ ಅಡಿಯಿಂದಲೇ. "ಅರವತ್ತನಾಲ್ಕಿದಾವೆ. ಲೆಕ್ಕ ಪೆಟ್ಟುಕೋಂಡಿ ಸಾಮಿ, ಎಣಿಸ್ಕೊಳಿ."

ಸೋಫಾ ಹೊರುತ್ತಿದ್ದವರು ನಿಂತು ನೋಡಿದರು. ಅವರಲ್ಲಿ ಹೆಚ್ಚಿನವರ ಮನೆಯಲ್ಲೂ ಹುಳು ಮೇಯಿಸುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರಿದ್ದ ಒಬ್ಬ ನಕ್ಕುಬಿಟ್ಟ. "ಇದು ಹುಳುವಿನ ಸ್ಟ್ಯಾಂಡಲ್ವೇನ್ರಣ್ಣ? ಇದ್ರ ಮೇಲೆ ಇಷ್ಟು ದಿನ ಮದುಮಕ್ಕಳನ್ನ ನಿಲ್ಸಿದೀರಾ?" ಎಂದ.

"ಯಾವ ಆಟಕ್ಕೆ ಇರುವೆ ಬಟ್ಟಲು ಬೇಕು, ಯಾವ ಮದುವೆಗೆ ಬೇಕು, ನೀವೇ ಹೇಳಿ" ಎಂದರು ಮೇಡಂ. "ನಮ್ಮ ಮನೆ ಕಬ್ಬಿಣ. ಇವತ್ತಿಂದ ನಮ್ಮ ಕಣದಲ್ಲಿರುತ್ತೆ."

ಅಧ್ಯಕ್ಷರ ಮುಖ ಕೆಂಪಾಯಿತು. "ಹಂಗಾದ್ರೆ ಆ ಹುಡುಗಿ ಹೆಸರು ರಾಜ್ಯಕ್ಕೆ ಹೋಗಲ್ಲ, ನೋಡ್ಕೊಳಿ" ಎಂದರು.

ಮುನಿಲಕ್ಷ್ಮಿ ಅಲ್ಲೇ ನಿಂತಿದ್ದಳು. ಗ್ಲೌಸು ಇನ್ನೂ ಬಿಚ್ಚಿರಲಿಲ್ಲ. ಮೇಡಂ ಅವಳ ಕಡೆ ನೋಡಲಿಲ್ಲ. ಫೈಲು ತೆರೆದು ಪಟ್ಟಿಯನ್ನು ಅಧ್ಯಕ್ಷರಿಗೆ ತೋರಿಸಿದರು. ಸಹಿಯ ಜಾಗ ಖಾಲಿಯಿತ್ತು.

"ಯಾರ ಹೆಸರೂ ಹೋಗಲ್ಲ. ಮೊದಲನೇದು ನಿಮ್ಮ ಚಿರಂಜೀವಿದು."

"ಸಹಿ ಹಾಕಿ ಮೇಡಂ." ದನಿ ಇಳಿದಿತ್ತು. "ಹೋಗ್ಲಿ ಬಿಡಿ, ಆ ಹುಡುಗೀನ ಗೆದ್ದಳು ಅಂತ ಬರ್ಕೊಳಿ. ಯಾರು ಕೇಳ್ತಾರೆ?"

ಅದು ಅವರು ಆಡಬಾರದಿದ್ದ ಮಾತು. ಮೇಡಂ ಮುಖದಲ್ಲಿ ಒಂದು ಕ್ಷಣ, ನೆಂಟರು ಹುಳುಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿದಾಗ ಬರುವ ಭಾವ ಬಂತು. ಇನ್ನೂ ಮೂರು ಪಾಲು ಹೆಚ್ಚಾಗಿ.

"ಮುನಿಲಕ್ಷ್ಮಿ" ಎಂದು ಕೂಗಿದರು. "ಗೆದ್ದಿದೀಯಂತೆ ಕಣಮ್ಮ. ಬರ್ಕೊಳ್ಲಾ?"

ಮುನಿಲಕ್ಷ್ಮಿ ಗ್ಲೌಸಿನ ಹಿಂಭಾಗದಿಂದ ಮೂಗು ಒರೆಸಿಕೊಂಡಳು. "ಇನ್ನೊಂದು ಸುತ್ತು ಇದೆಯಲ್ಲ ಮಿಸ್" ಎಂದಳು.

ಚಿಂತಾಮಣಿಯ ಹುಡುಗಿ ಆಗಲೇ ತನ್ನ ಚೀಲವನ್ನು ಟ್ರ್ಯಾಕ್ಟರಿಗೆ ಎಸೆದು, ನಾಗರಾಜ್ ಜೊತೆ ಮೊದಲ ಮೇಜನ್ನು ಎತ್ತಿಸುತ್ತಿದ್ದಳು. ಮೂರನೇ ಸುತ್ತು ಯಾರದು ಎಂಬ ಪ್ರಶ್ನೆ ಅವಳ ಹಿಮ್ಮಡಿಯಲ್ಲೂ ಉಳಿದಿತ್ತು. ಬಿಚ್ಚಿದ ಕಾಲುಗಳನ್ನು ಹುಡುಗಿಯರು ಸೌದೆ ಹೊತ್ತ ಹಾಗೆ ಹೆಗಲಿಗೇರಿಸಿ ಸಾಗಿಸಿದರು. ಬಟ್ಟಲುಗಳಿಂದ ಯಾವ ಯಾವ ಮದುವೆಯದೋ ಅಕ್ಕಿಕಾಳು, ಬಣ್ಣದ ಕಾಗದದ ಚೂರು ಉದುರಿದವು.

ಅಧ್ಯಕ್ಷರು ಹಿಂದೆ ಹಿಂದೆಯೇ ಬಂದರು. ನಂದಿಯವರಿಗೆ ಏನು ಹೇಳಲಿ, ವೇದಿಕೆ ಇಲ್ಲದೆ ಗಂಡು ಹೆಣ್ಣನ್ನು ಎಲ್ಲಿ ನಿಲ್ಲಿಸಲಿ, ಸಹಿಗೆ ನಾಡಿದ್ದೇ ಕೊನೇ ದಿನ, ಹಳೇ ಸ್ನೇಹ ನೋಡಿ ಎಂದೆಲ್ಲ ಹೇಳುತ್ತಿದ್ದರು. ಪೇಟ ಒಂದು ಕಿವಿಯ ಮೇಲೆ ಜಾರಿತ್ತು. ಮೇಡಂ ಟ್ರ್ಯಾಕ್ಟರಿನ ಹತ್ತಿರ ನಿಂತು ತಿರುಗಿದರು.

"ಸಹಿ ಬೇಕಾದ್ರೆ ನಾಳೆ ಬನ್ನಿ ದಿಬ್ಬೂರಹಳ್ಳಿಗೆ" ಎಂದರು. "ಬೆಳಿಗ್ಗೆ ಏಳಕ್ಕೆ ಮೂರನೇ ಸುತ್ತು. ಚಿರಂಜೀವೀನೂ ಕರ್ಕೊಂಡು ಬನ್ನಿ, ಹೆಂಚು ಬೇಡ, ಒಬ್ಬರ ಎದುರು ನಿಲ್ಲಲಿ. ನಿಂತ್ರೆ ಸಹಿ. ಹುಳು ಹಣ್ಣಾಗಿರುತ್ತೆ, ಯಾರಿಗೂ ಪುರುಸೊತ್ತಿರಲ್ಲ, ಹಾರ ಗೀರ ತರಬೇಡಿ. ಕೂರೋಕೆ ಜಾಗ ಕೇಳಬೇಡಿ, ನಮ್ಮಲ್ಲಿ ಕಟ್ಟೆ ಮೇಲೆ ಯಾರೂ ಕೂರಲ್ಲ. ಇನ್ನು ಆ ಸನ್ಯಾಸಿ ಕತೆ ಇದೆಯಲ್ಲ, ಅದನ್ನ ನೀವು" ಎನ್ನುತ್ತಿದ್ದ ಹಾಗೆಯೇ ಹಿಂದಿನಿಂದ ಗಂಗುಲಪ್ಪ ಬೋಲ್ಟು ಒಂದು ಕಮ್ಮಿ ಇದೆ ಎಂದು ಕೂಗಿದ, ಮೇಡಂ ಅಧ್ಯಕ್ಷರನ್ನು ಅಲ್ಲೇ ಬಿಟ್ಟು, ನೆಲ ನೋಡುತ್ತಾ, ಕಟ್ಟೆ ಇದ್ದ ಬಯಲಿನ ಕಡೆ ನಡೆದುಕೊಂಡು ಹೋದರು.